ಬೈಬಲ್, ಕುರ್‌ಆನ್ ಎದುರಿಟ್ಟುಕೊಂಡು ಕೂರಬೇಕಾ?

ಬೀದರಿನ ಹಳೆ ಊರಿನಲ್ಲಿ ಒಂದು ಮಾತು ಓಡಾಡುತ್ತಿದೆ. ತಿಂಗಳಿಗೊಮ್ಮೆ ಕೆಲವು ಕ್ರೈಸ್ತರು, ಕೆಲವು ಮುಸ್ಲಿಮರು ಒಂದು ಕಡೆ ಕೂರುವುದು. ಎರಡೂ ಗ್ರಂಥಗಳಿಂದ ಒಂದೊಂದು ಭಾಗ ಓದುವುದು. ತಿಳಿಯದ್ದನ್ನು ಕೇಳುವುದು. ಇದರಿಂದ ಊರಿನ ಶಾಂತಿಗೆ ಉಪಯೋಗ ಇದೆಯಾ? ಇದೆ ಎನ್ನುತ್ತಾರೆ ಮಂಗಲಪೇಟೆ ಕಡೆಯ ಒಬ್ಬ ನಿವೃತ್ತ ಕ್ರೈಸ್ತ ಟೀಚರ್. ಬೇಡ ಎನ್ನುತ್ತಾರೆ ಚೌಬಾರಾ ಹತ್ತಿರ ಶಾಮಿಯಾನ ಅಂಗಡಿ ಇಟ್ಟಿರುವ ಒಬ್ಬ ಮುಸ್ಲಿಮರು.

ಪರ: ಡಬ್ಬಿ ಆಚೀಚೆ ಹೋಯಿತು, ಮಾತು ಹೋಗಲಿಲ್ಲ

ನಾನು ಕನ್ನಡ ಟೀಚರ್ ಆಗಿದ್ದೆ. ಕ್ಲಾಸಿನಲ್ಲಿ ಮುಸ್ಲಿಂ ಮಕ್ಕಳೇ ಜಾಸ್ತಿ. ಒಂದು ವರ್ಷ ಗುಡ್ ಫ್ರೈಡೇ ರಜೆಯ ಹಿಂದಿನ ದಿನ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ನಿಮ್ಮ ದೇವರು ಸತ್ತ ದಿನ ಅಂತೀರಿ. ಮತ್ತೆ ಅದು ಗುಡ್ ಹೆಂಗಾಯ್ತು?" ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಅವರಿಗೆ ಮೂರು ದೇವರು ಇದ್ದಾರಲ್ಲ, ಒಬ್ಬರು ಹೋದರೆ ಇನ್ನಿಬ್ಬರು ಇರ್ತಾರೆ" ಎಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಬೈಯಲಿಲ್ಲ. ಆದರೆ ಉತ್ತರವನ್ನೂ ಕೊಡಲಿಲ್ಲ. ಪಾಠ ಮುಂದುವರಿಸಿದೆ. ಆ ಹುಡುಗಿ ಕೇಳಿದ್ದು ನಿಜವಾದ ಪ್ರಶ್ನೆ. ಅದನ್ನು ಹಾಗೇ ಬಿಟ್ಟು ಬಂದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮ ಕಡೆಯವರೇನು ಕಮ್ಮಿ ಇಲ್ಲ. ಪ್ರಾರ್ಥನೆ ಕೂಟಕ್ಕೆ ಬರುವ ಹೆಂಗಸರು "ಅವರ ಅಲ್ಲಾ ಬೇರೆ, ನಮ್ಮ ದೇವರು ಬೇರೆ" ಎಂದು ಖಡಾಖಂಡಿತ ಹೇಳುತ್ತಾರೆ. ಅರಬ್ ನಾಡಿನ ಕ್ರೈಸ್ತರು ತಮ್ಮ ಬೈಬಲಿನಲ್ಲಿ ದೇವರನ್ನು ಅಲ್ಲಾಹ್ ಎಂದೇ ಓದುತ್ತಾರೆ ಎಂದರೆ ನಂಬುವುದಿಲ್ಲ. ದೂರ ಯಾಕೆ? ನನ್ನ ಅಜ್ಜ ನಿಜಾಮರ ಕಾಲದಲ್ಲಿ ಉರ್ದು ಕಲಿತವರು. ಊಟದ ಮುಂಚಿನ ಪ್ರಾರ್ಥನೆಯಲ್ಲಿ ದೇವರನ್ನು 'ಖುದಾವಂದ್' ಎನ್ನುತ್ತಿದ್ದರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಜ್ಜನ ಬಾಯಲ್ಲಿ ಸುಮ್ನೆ ಬರುತ್ತಿದ್ದ ಪದ ಮೊಮ್ಮಕ್ಕಳ ಕಿವಿಗೆ ಈಗ 'ಅವರದು'.

ಪಕ್ಕದ ಮನೆಯ ಆಪಾ ಇಪ್ಪತ್ತು ವರ್ಷ ರಂಜಾನಿಗೆ ಸುರಕುಂಬಾ ಕಳಿಸಿದ್ದಾರೆ. ನಾವು ಕ್ರಿಸ್‌ಮಸ್ಸಿಗೆ ಕೇಕು, ಕರ್ಜಿಕಾಯಿ ಕಳಿಸಿದ್ದೇವೆ. ಒಳ್ಳೆ ನೆರೆಹೊರೆ ಎಂದರೆ ಇದೇ ಎಂದುಕೊಂಡಿದ್ದೆ. ಒಂದು ದಿನ ಆಪಾ ಅವರ ಮೊಮ್ಮಗಳು ನಮ್ಮ ಗೋಡೆಯ ಚರ್ಚ್ ಕ್ಯಾಲೆಂಡರಿನಲ್ಲಿ ಯೇಸುವಿನ ತಾಯಿ ಮರಿಯಳ ಚಿತ್ರ ನೋಡಿ, "ದಾದಿ, ಇವರು ಬೀಬಿ ಮರ್ಯಮ್ ಅಲ್ವಾ?" ಎಂದಿತು. ಆಗ ಆಪಾ ಹೇಳಿದರು, ಕುರ್‌ಆನಿನಲ್ಲಿ ಮರ್ಯಮ್ ಹೆಸರಿನ ಒಂದು ಇಡೀ ಅಧ್ಯಾಯ ಇದೆ ಎಂದು. 19ನೆಯದು. ಕನ್ನಡ ಅನುವಾದ ತಂದು ಓದಿದೆ. ಇಡೀ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿದ ಹೆಂಗಸು ಅವಳೊಬ್ಬಳೇ.

ಅಲ್ಲಿ ಒಂದು ಕಡೆ ನಿಂತುಬಿಟ್ಟೆ. ಮರ್ಯಮ್ ಒಬ್ಬಳೇ ಇದ್ದಾಳೆ. ಹೆರಿಗೆ ನೋವು ತಾಳದೆ ಖರ್ಜೂರದ ಮರಕ್ಕೆ ಒರಗುತ್ತಾಳೆ. ಇದಕ್ಕಿಂತ ಮುಂಚೆಯೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ. ನಮ್ಮ ಲೂಕನ ಸುವಾರ್ತೆಯಲ್ಲಿ ಗೋದಲಿ ಇದೆ, ಕುರುಬರು ಇದ್ದಾರೆ, ದೇವದೂತರು ಇದ್ದಾರೆ. ಹೆರಿಗೆ ನೋವು ಇಲ್ಲ. ಎರಡು ಹೆತ್ತವಳು ನಾನು. ಇಷ್ಟು ವರ್ಷ ಕ್ರಿಸ್‌ಮಸ್ ನಾಟಕ ಮಾಡಿಸಿದ್ದೇನೆ. ಆ ನೋವು ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಇಪ್ಪತ್ತು ವರ್ಷ ಡಬ್ಬಿ ಆಚೀಚೆ ಹೋಗಿದೆ, ಇಂಥ ಮಾತು ಮಾತ್ರ ಹೋಗಿಲ್ಲ.

ಹಾಗಂತ 'ಎಲ್ಲ ಧರ್ಮವೂ ಒಂದೇ' ಎನ್ನುವ ಭಾಷಣ ನನಗೂ ಬೇಡ. ಅದೇ ಕುರ್‌ಆನಿನ 4ನೇ ಅಧ್ಯಾಯ ಈಸಾ, ಅಂದರೆ ಯೇಸು, ಅವರನ್ನು ಶಿಲುಬೆಗೆ ಏರಿಸಲಿಲ್ಲ ಎನ್ನುತ್ತದೆ. ಶಿಲುಬೆ ಇಲ್ಲದಿದ್ದರೆ ನನ್ನ ನಂಬಿಕೆಯೇ ಇಲ್ಲ. ಇದು ದೊಡ್ಡ ವ್ಯತ್ಯಾಸ, ಮುಚ್ಚಿಟ್ಟು ಆಗುವಂಥದ್ದಲ್ಲ. ಆದರೆ ಅದನ್ನು ಆಪಾ ಬಾಯಿಂದ ಕೇಳುವುದು ಬೇರೆ, ವಾಟ್ಸಾಪಿನಲ್ಲಿ ಬಂದ ವಿಡಿಯೋದಿಂದ ಕೇಳುವುದು ಬೇರೆ.

ಇದು ಹೊಸ ಹುಚ್ಚೂ ಅಲ್ಲ. ಮಕ್ಕಾದಲ್ಲಿ ಕಾಟ ತಾಳದೆ ಮೊದಲ ಮುಸ್ಲಿಮರು ಸುಮಾರು 615ರಲ್ಲಿ ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯಾ ಕಡೆ) ಹೋದರು. ಅಲ್ಲಿನ ರಾಜ ಕ್ರೈಸ್ತ. ಅವನ ಮುಂದೆ ಆ ಮುಸ್ಲಿಮರಲ್ಲಿ ಒಬ್ಬರಾದ ಜಾಫರ್ ಇದೇ ಮರ್ಯಮ್ ಅಧ್ಯಾಯ ಓದಿದರು, ರಾಜ ಆಶ್ರಯ ಕೊಟ್ಟ. ಇದನ್ನು ಹೇಳುವುದು ಇಸ್ಲಾಮಿನ ಚರಿತ್ರೆಯೇ. 1219ರಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ನಡೆದ ಧರ್ಮಯುದ್ಧದ (ಕ್ರುಸೇಡ್) ನಡುವೆಯೇ ಸಂತ ಫ್ರಾನ್ಸಿಸ್ ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್‌ನನ್ನು ಭೇಟಿಯಾಗಿ, ಹೋದ ಹಾಗೇ ಜೀವಂತ ವಾಪಸ್ ಬಂದರು. 2007ರ ಅಕ್ಟೋಬರಿನಲ್ಲಿ 138 ಮುಸ್ಲಿಂ ವಿದ್ವಾಂಸರು ಪೋಪರಿಗೂ ಬೇರೆ ಕ್ರೈಸ್ತ ಮುಖಂಡರಿಗೂ ಪತ್ರ ಬರೆದರು. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು, ಈ ಎರಡು ನಮ್ಮಲ್ಲೂ ಇವೆ, ನಿಮ್ಮಲ್ಲೂ ಇವೆ, ಇಲ್ಲಿಂದ ಶುರು ಮಾಡೋಣ ಎಂದು. ಅದರ ಹಿಂದಿನ ವರ್ಷ ಇಸ್ಲಾಂ ಬಗ್ಗೆ ಪೋಪರ ಒಂದು ಭಾಷಣದ ಮಾತಿಗೆ ಎಷ್ಟು ಗಲಾಟೆ ಆಗಿತ್ತು ಎಂದು ನೆನಪಿದ್ದವರಿಗೆ ಆ ಪತ್ರದ ಬೆಲೆ ಗೊತ್ತು.

ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಹೈದರಾಬಾದಿನ ಹೆನ್ರಿ ಮಾರ್ಟಿನ್ ಸಂಸ್ಥೆ. 1930ರಲ್ಲಿ ಲಾಹೋರಿನಲ್ಲಿ ಶುರುವಾಯಿತು. ಯಾಕೆ? ಮುಸ್ಲಿಮರ ನಡುವೆ ಕೆಲಸ ಮಾಡುವ ಮಿಷನರಿಗಳಿಗೆ ಇಸ್ಲಾಂ ಕಲಿಸಲು. ಬಿಡಿಸಿ ಹೇಳಿದರೆ, ಮತಾಂತರಕ್ಕೆ ತಯಾರಿ. ಊರೂರು ಸುತ್ತಿ 1971ರಲ್ಲಿ ಹೈದರಾಬಾದಿಗೆ ಬಂತು. 1990ರಲ್ಲಿ ಅಲ್ಲಿ ಭಾರಿ ಗಲಭೆ ಆದಾಗ ಅದೇ ಸಂಸ್ಥೆಯವರು ಹಳೆ ಊರಿನ ಗಲ್ಲಿಗಳಿಗೆ ಹೋದರು. ಮಕ್ಕಳಿಗೆ ಕಲಿಸಿದರು, ಹೆಂಗಸರಿಗೆ ಹೊಲಿಗೆ ಹೇಳಿಕೊಟ್ಟರು. ಇವತ್ತು ಅದರ ಕೆಲಸವೇ ಧರ್ಮಗಳ ನಡುವಿನ ತಿಳಿವಳಿಕೆ, ರಾಜಿ. ಎದುರಿನವರನ್ನು ಗೆಲ್ಲಲು ಅಂತ ಓದಲು ಕೂತವರು ಓದುತ್ತಾ ಓದುತ್ತಾ ಬೇರೆಯೇ ಕಡೆ ತಲುಪಿದರು.

ನೈಜೀರಿಯಾದ ಕಡುನಾದಲ್ಲಿ ಜೇಮ್ಸ್ ವುಯೆ ಎಂಬ ಪಾಸ್ಟರ್, ಮುಹಮ್ಮದ್ ಅಶಾಫಾ ಎಂಬ ಇಮಾಮ್ ಇದ್ದಾರೆ. ಒಂದು ಕಾಲಕ್ಕೆ ಇಬ್ಬರೂ ಬಡಿದಾಡುವ ಗುಂಪಿನ ಮುಂದಾಳುಗಳು. 1992ರ ಗಲಭೆಯಲ್ಲಿ ಪಾಸ್ಟರ್ ಕೈ ಕಳೆದುಕೊಂಡರು, ಇಮಾಮರು ತಮ್ಮ ಗುರುವನ್ನೂ ಬಂಧುಗಳನ್ನೂ ಕಳೆದುಕೊಂಡರು. 1995ರಿಂದ ಇಬ್ಬರೂ ಸೇರಿ ರಾಜಿ ಮಾಡಿಸುವ ಸಂಸ್ಥೆ ನಡೆಸುತ್ತಿದ್ದಾರೆ, ಬೈಬಲ್ ಕುರ್‌ಆನ್ ಎರಡನ್ನೂ ಕೈಯಲ್ಲಿ ಹಿಡಿದೇ. ಅವರು ಕೂರಬಹುದು, ನಾವು ಚಹಾ ಕುಡಿದುಕೊಂಡು ಕೂರಲು ಆಗುವುದಿಲ್ಲವಾ?

ವಿರೋಧ: ಕುರ್ಚಿ ಹಾಕುವವನ ಲೆಕ್ಕ

ಟೀಚರ್ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ತಮ್ಮ ಅವರ ಹತ್ತಿರವೇ ಕಲಿತವನು. ಹಿಂದಿನ ಬೆಂಚಿನ ಆ ಹುಡುಗ ಅವನೇ ಇದ್ದರೂ ಆಶ್ಚರ್ಯ ಇಲ್ಲ.

ಆದರೆ ನಾನು ಕುರ್ಚಿ ಬಾಡಿಗೆಗೆ ಕೊಡುವವನು. ಸೌಹಾರ್ದ ಸಭೆಗಳನ್ನು ನನ್ನಷ್ಟು ನೋಡಿದವರು ಕಮ್ಮಿ. ಇನ್ನೂರು ಕುರ್ಚಿ ಎಂದು ಹೇಳುತ್ತಾರೆ, ಅರವತ್ತು ತುಂಬುತ್ತವೆ. ವೇದಿಕೆ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲಾನಾ, ಒಬ್ಬ ಫಾದರ್, ನಡುವೆ ದೀಪ. ದೀಪ ಗಾಳಿಗೆ ಆರುತ್ತದೆ, ನಮ್ಮ ಹುಡುಗ ಓಡಿ ಹೋಗಿ ಮತ್ತೆ ಹಚ್ಚುತ್ತಾನೆ. ಶಾಲು, ಹಾರ, ಫೋಟೋ. 'ನಾವೆಲ್ಲರೂ ಒಂದೇ' ಎಂಬ ಮಾತು ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ನನ್ನ ಹುಡುಗರು ಬಾಜಿ ಕಟ್ಟುತ್ತಾರೆ. ಮುಂದಿನ ಸಾಲಿನಲ್ಲಿ ಯಾವಾಗಲೂ ಅದೇ ಮುಖಗಳು. ಜಗಳ ಆಡುವವನು ಒಬ್ಬನೂ ಬಂದಿರುವುದಿಲ್ಲ.

ಟೀಚರ್ ಹೇಳುವುದು ಅಂಥ ಸಭೆ ಅಲ್ಲ, ಸುಮ್ನೆ ಕೂತು ಓದುವುದು. ನನಗೆ ಭಯ ಇರುವುದೇ ಅದರ ಬಗ್ಗೆ. ಸಭೆ ಊಟದ ಹೊತ್ತಿಗೆ ಮುಗಿಯುತ್ತದೆ. ಗ್ರಂಥದ ಮಾತು ಮುಗಿಯುವುದಿಲ್ಲ.

ಅಕ್ಬರ್ ಬಾದಶಹ 1575ರಲ್ಲಿ ಫತೇಪುರ ಸಿಕ್ರಿಯಲ್ಲಿ ಇಬಾದತ್‌ಖಾನಾ ಎಂಬ ಪ್ರಾರ್ಥನಾ ಮಂದಿರ ಕಟ್ಟಿಸಿ ಎಲ್ಲ ಧರ್ಮದವರನ್ನೂ ಮಾತಿಗೆ ಕೂರಿಸಿದ. 1580ರಲ್ಲಿ ಗೋವಾದಿಂದ ಪಾದ್ರಿಗಳು ಬಂದರು. ಮಾತು ಎಲ್ಲಿಗೆ ಹೋಯಿತೆಂದರೆ, ಗ್ರಂಥ ಹಿಡಿದು ಬೆಂಕಿಗೆ ಇಳಿಯೋಣ, ಯಾರದು ನಿಜ ನೋಡೋಣ ಎನ್ನುವ ತನಕ. ಬಾದಶಹ ಎದುರಿಗೆ ಕೂತಿದ್ದಾಗಲೇ ಹೀಗೆ. ನಮ್ಮ ಓಣಿಯಲ್ಲಿ ತಡೆಯಲು ಯಾರಿದ್ದಾರೆ?

ಇನ್ನೊಂದು 1854ರ ಆಗ್ರಾ. ಜರ್ಮನ್ ಪಾದ್ರಿ ಫಾಂಡರ್ ಒಂದು ಕಡೆ, ಮೌಲಾನಾ ರಹಮತುಲ್ಲಾ ಕೈರಾನವಿ ಒಂದು ಕಡೆ. ಬೈಬಲ್ ತಿದ್ದಿದ್ದೋ ಅಲ್ಲವೋ ಎಂದು ಎರಡು ದಿನ ವಾದ. ಇಬ್ಬರೂ ದೊಡ್ಡ ಓದಿದವರು. ಒಬ್ಬರ ಗ್ರಂಥ ಇನ್ನೊಬ್ಬರಿಗೆ ಗೊತ್ತಿಲ್ಲ ಎನ್ನುವ ಹಾಗೇ ಇರಲಿಲ್ಲ. ತಿಳಿದಷ್ಟೂ ಏಟು ಗಟ್ಟಿಯಾಯಿತು. ಮೊಬೈಲಿನಲ್ಲಿ ಈಗ ಹುಡುಗರು ನೋಡುವ ಡಿಬೇಟ್ ವಿಡಿಯೋಗಳಲ್ಲಿ ಅವವೇ ಪ್ರಶ್ನೆಗಳು ಇನ್ನೂ ತಿರುಗುತ್ತಿವೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಕಂಡ ಜಗಳಗಳಲ್ಲಿ ಮುಂದೆ ನಿಂತವರೆಲ್ಲ ಮಾತು ಬಲ್ಲವರೇ.

ಮತ್ತೆ, ಜಗಳ ಯಾತಕ್ಕೆ ಆಗುತ್ತದೆ ನೋಡಿ. ಯೇಸು ಶಿಲುಬೆಗೆ ಏರಿದರೋ ಇಲ್ಲವೋ ಎಂದು ಈ ಊರಲ್ಲಿ ಯಾರೂ ಕೈ ಕೈ ಮಿಲಾಯಿಸಿದ್ದು ನಾನು ನೋಡಿಲ್ಲ. ನಲ್ಲಿ ನೀರು, ಗಾಡಿ ನಿಲ್ಲಿಸುವ ಜಾಗ, ಗೋಡೆ ಒಂದು ಅಡಿ ಆಚೆ ಬಂತು ಎನ್ನುವುದು. ಎಲ್ಲಕ್ಕಿಂತ ದೊಡ್ಡದು ಹುಡುಗ ಹುಡುಗಿ ವಿಷಯ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬೇಕೆಂದರೆ 30 ದಿನದ ನೋಟಿಸು. ಹೆಸರು ಬೋರ್ಡಿಗೆ ಬಿದ್ದ ದಿನವೇ ಊರಿಗೆಲ್ಲ ಗೊತ್ತು. ಆಗ ಟೀಚರ್ ಕೂಟದಲ್ಲಿ ಏನು ಓದುತ್ತಾರೆ? ನಮ್ಮ ಶರಿಯತ್ತಿನಲ್ಲಿ ಮುಸ್ಲಿಂ ಹುಡುಗ ಕ್ರೈಸ್ತ ಹುಡುಗಿಯನ್ನು ಮದುವೆ ಆಗಬಹುದು. ಮುಸ್ಲಿಂ ಹುಡುಗಿ ಕ್ರೈಸ್ತ ಹುಡುಗನನ್ನು ಆಗುವ ಹಾಗಿಲ್ಲ. ಇದನ್ನು ಚೆನ್ನಾಗಿ ತಿಳಿದುಕೊಂಡ ಮೇಲೆ ಕ್ರೈಸ್ತ ತಂದೆಗೆ ಸಮಾಧಾನ ಆಗುತ್ತದಾ, ಸಿಟ್ಟು ಬರುತ್ತದಾ? ನನಗೆ ಗೊತ್ತಿರುವ ಅಪ್ಪಂದಿರಿಗೆ ಸಿಟ್ಟೇ ಬರುತ್ತದೆ.

ಲೆಬನಾನಿನಲ್ಲಿ 1975ರಿಂದ 1990ರ ತನಕ ಕ್ರೈಸ್ತರೂ ಮುಸ್ಲಿಮರೂ ಹೊಡೆದಾಡಿದರು. ಒಬ್ಬರ ಹಬ್ಬ ಒಬ್ಬರಿಗೆ ಗೊತ್ತಿರಲಿಲ್ಲವಾ? ಒಂದೇ ಭಾಷೆ, ಒಂದೇ ಊಟ. ಕುರ್ಚಿ ಯಾರದು, ಕೋವಿ ಯಾರ ಕೈಯಲ್ಲಿ ಎನ್ನುವುದು ಅಲ್ಲಿನ ಪ್ರಶ್ನೆ. ಕಡುನಾದ ಪಾಸ್ಟರ್, ಇಮಾಮರ ಬಗ್ಗೆ ನನಗೂ ಗೌರವ ಇದೆ. ಆದರೆ ಅವರು ಕೆಲಸ ಶುರು ಮಾಡಿ ಐದು ವರ್ಷ ಆದಮೇಲೆ, 2000ದಲ್ಲಿ, ಶರಿಯಾ ಕಾನೂನಿನ ವಿಷಯಕ್ಕೆ ಅದೇ ಊರು ಮತ್ತೆ ಹೊತ್ತಿ ಉರಿಯಿತು.

ಟೀಚರ್‌ಗೆ ಇನ್ನೊಂದು ಮಾತು. ಕ್ರೈಸ್ತರು ಬೈಬಲ್ ಹಿಡಿದು ಬೇರೆ ಧರ್ಮದವರ ಜೊತೆ ಕೋಣೆಯಲ್ಲಿ ಕೂತರೆ ಈಗಿನ ಕಾಲದಲ್ಲಿ ಅದಕ್ಕೆ ಯಾವ ಹೆಸರು ಬೀಳುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೂಟ ಮಾಡುವುದೇ ಆದರೆ ಬೇರೆ ವಿಷಯ ಇದೆ. 1950ರ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನೂ ಮುಸ್ಲಿಮನಾದ ದಲಿತನೂ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಉಳಿದವರು ನಾವಿಬ್ಬರು. ನಮ್ಮನ್ನೂ ಸೇರಿಸಿ ಎಂದು ಅರ್ಜಿ ಬರೆದು ಒಟ್ಟಿಗೆ ಸಹಿ ಮಾಡೋಣ, ಕುರ್ಚಿ ಎಷ್ಟು ಬೇಕು ಹೇಳಿ.

ಬೀದರ್ ಪಕ್ಕದ ಅಷ್ಟೂರಿಗೆ ಹೋಗಿ ನೋಡಿ. ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿ. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ. ಹಿಂದೂ ಭಕ್ತರಿಗೆ ಅಲ್ಲಮಪ್ರಭು. ಇಬ್ಬರೂ ಬರುತ್ತಾರೆ, ಇಬ್ಬರೂ ತಲೆ ಬಾಗುತ್ತಾರೆ. 'ಅದು ಹೆಂಗೆ, ಇಬ್ಬರೂ ಒಬ್ಬರೇನಾ' ಎಂದು ಯಾರೂ ಯಾರನ್ನೂ ಕೂರಿಸಿ ಕೇಳುವುದಿಲ್ಲ. ಕೇಳದೇ ಇರುವುದರಿಂದಲೇ ಇಷ್ಟು ಕಾಲ ನಡೆದಿದೆ ಎಂದು ನನ್ನ ಅನಿಸಿಕೆ. ಓದಿದವರಿಗೆ ಇದು ಹಿಡಿಸುವುದಿಲ್ಲ, ಗೊತ್ತು.

2021ರ ಎರಡನೇ ಅಲೆಯಲ್ಲಿ ಒಬ್ಬ ಕ್ರೈಸ್ತ ಹಿರಿಯರು ತೀರಿಕೊಂಡರು. ಮಗ ಆಸ್ಪತ್ರೆಯಲ್ಲಿ, ಉಳಿದವರಿಗೆ ಹತ್ತಿರ ಬರಲು ಭಯ. ನನ್ನ ಅಂಗಡಿಯ ನಾಲ್ಕು ಹುಡುಗರು ಪಿಪಿಇ ಹಾಕಿಕೊಂಡು ಪೆಟ್ಟಿಗೆ ಹೊತ್ತರು. ಪಾಸ್ಟರ್ ದೂರದಲ್ಲಿ ನಿಂತು ಏನೋ ಓದಿದರು. ಹುಡುಗರಿಗೆ ಯಾವಾಗ ನಿಲ್ಲಬೇಕು, ಯಾವಾಗ ಮಣ್ಣು ಹಾಕಬೇಕು ಒಂದೂ ಗೊತ್ತಿಲ್ಲ. ಪೆಟ್ಟಿಗೆ ಮಾತ್ರ ವಾಲದ ಹಾಗೆ ಇಳಿಸಿದರು. ಆ ಮಗ ಗುಣವಾಗಿ ಬಂದವನು ಇವತ್ತಿಗೂ ಊರಲ್ಲಿ ಏನೇ ಗಾಳಿಮಾತು ಎದ್ದರೂ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡುತ್ತಾನೆ. "ಭಾಯಿ, ಹಿಂಗಂತಾರೆ, ನಿಜಾನಾ?" ನಾನು ಹೋಗಿ ನೋಡಿ ಹೇಳುತ್ತೇನೆ. ಎರಡು ಸಲ ಈ ಫೋನಿನಿಂದಲೇ ದೊಡ್ಡದಾಗುವುದು ತಪ್ಪಿದೆ. ನಮ್ಮಿಬ್ಬರ ನಡುವೆ ಇವತ್ತಿನ ತನಕ ಬೈಬಲಿನ ಒಂದು ವಚನ, ಕುರಾನಿನ ಒಂದು ಆಯತ್ ಬಂದಿಲ್ಲ.

ಮುಚ್ಚಿಡಬಾರದು, ಹೇಳುತ್ತೇನೆ. ಹೊತ್ತ ಹುಡುಗರಲ್ಲಿ ಒಬ್ಬ ಆಮೇಲೆ ಕೇಳಿದ, "ಪಾಸ್ಟರ್ ಮಣ್ಣು ಹಾಕುವಾಗ ಏನಂದರು?" ನನಗೂ ಗೊತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಚಹಾದಂಗಡಿಯಲ್ಲಿ ಪಾಸ್ಟರ್ ಸಿಕ್ಕರು, ಕೇಳಿದೆ. "ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು" ಎಂದರು. ನಮ್ಮಲ್ಲೂ ಮೂರು ಹಿಡಿ ಮಣ್ಣು ಹಾಕುವಾಗ, ಇದರಿಂದಲೇ ನಿಮ್ಮನ್ನು ಮಾಡಿದೆವು, ಇದಕ್ಕೇ ಮರಳಿಸುತ್ತೇವೆ ಎಂಬ ಮಾತು ಹೇಳುತ್ತೇವೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇನ್ನೊಂದು ಚಹಾ ಹೇಳಿದರು. ಪೆಟ್ಟಿಗೆ ಹೊತ್ತದ್ದು ಮೊದಲು, ಈ ಮಾತು ಆಮೇಲೆ. ಟೀಚರ್ ಇದನ್ನು ತಿರುಗಿಸಿ ಮಾಡೋಣ ಎನ್ನುತ್ತಿದ್ದಾರೆ.

ಅವರು ಕೂಟ ಮಾಡಿಯೇ ಮಾಡುತ್ತಾರೆ, ಹಟದವರು. ಕುರ್ಚಿ ಕಳಿಸುತ್ತೇನೆ, ಬಾಡಿಗೆ ಬೇಡ. ಮೈಕ್ ಮಾತ್ರ ಕೇಳಬಾರದು.