ಮಲೆನಾಡಿನ ಅಣಬೆಗೆ ಬೇಕಾದದ್ದು ಹೊಸ ಮಸಾಲೆಯಲ್ಲ

ತೀರ್ಥಹಳ್ಳಿ ಕಡೆಯಿಂದ ಬಂದು ಜರ್ಮನಿಯ ಬವೇರಿಯಾ ರಾಜ್ಯದ ಮ್ಯೂನಿಕ್‌ನಲ್ಲಿ ನೆಲೆಸಿರುವ ನನಗೆ ಇಲ್ಲಿನ ಊಟದಲ್ಲಿ ಎಲ್ಲಕ್ಕಿಂತ ಬೇಗ ಒಗ್ಗಿದ್ದು ಕಾಡಣಬೆ. ಬವೇರಿಯಾದವರು ಬೆಣ್ಣೆಯಲ್ಲಿ ಹುರಿದ ಅಣಬೆಗೆ ಕೆನೆ ಸೇರಿಸಿ, ಹಳೆಯ ಬ್ರೆಡ್ಡಿನಿಂದ ಕಟ್ಟಿದ ದೊಡ್ಡ ಉಂಡೆಗಳ ಜೊತೆ ಬಡಿಸುತ್ತಾರೆ; ರಸ ಹೀರಿಕೊಳ್ಳುವುದರಲ್ಲಿ ಆ ಉಂಡೆ ನಮ್ಮ ಅಕ್ಕಿತರಿಯ ಕಡುಬಿನ ಹತ್ತಿರದ ನೆಂಟ. ಆದರೂ ಅಣಬೆ ಬೇಯಿಸುವುದರಲ್ಲಿ ಮಲೆನಾಡು ಇವರಿಂದ ಕಲಿಯಬೇಕಾದದ್ದು ಸ್ವಲ್ಪವೇ, ಒಲೆಯ ಮೇಲಿಡುವ ಮುನ್ನ ಇವರು ಮಾಡಿಕೊಂಡಿರುವ ಏರ್ಪಾಡಿನಿಂದ ಕಲಿಯಬೇಕಾದದ್ದು ಬಹಳ ಎಂಬುದು ನನ್ನ ಅನಿಸಿಕೆ.

ಎರಡೂ ಕಡೆಯ ಮೇಲಾದ ಅಣಬೆಗಳು ಬೇಸಾಯಕ್ಕೆ ಬಗ್ಗದವು. ನಮ್ಮ ಹೆಗ್ಗಾಲಣಬೆ, ಅಕ್ಕಿ ಅಣಬೆಗಳು ಗೆದ್ದಲು ಹುಳುಗಳು ನೆಲದೊಳಗೆ ತಾವೇ ಸಾಕುವ ಶಿಲೀಂಧ್ರದ ತೋಟದಿಂದ ಮೇಲೇಳುತ್ತವೆ. ಫ್ರೆಂಚ್ ವಿಜ್ಞಾನಿ ರೋಜೆ ಎಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ಅಂಥ ಗೆದ್ದಲು ಯುರೋಪಿನಲ್ಲಿಲ್ಲದ ಕಾರಣ ಆ ಅಣಬೆಯೂ ಇಲ್ಲಿಲ್ಲ. ಇಲ್ಲಿನ ಹಳದಿ ಫಿಫರ್ಲಿಂಗ್ ಮತ್ತು ದಪ್ಪ ಕಾಲಿನ ಶ್ಟೈನ್‌ಪಿಲ್ಟ್ಸ್ ಅಣಬೆಗಳು ಸ್ಪ್ರೂಸ್, ಬೀಚ್ ಮುಂತಾದ ಮರಗಳ ಬೇರಿಗೆ ಅಂಟಿಕೊಂಡು, ಮರಕ್ಕೆ ನೀರು, ಖನಿಜಗಳನ್ನು ಒದಗಿಸಿ ಅದರಿಂದ ಸಕ್ಕರೆ ಪಡೆದು ಬದುಕುತ್ತವೆ. ಹುತ್ತ ಒಡೆದರೆ ಅಲ್ಲಿ, ಮರ ಕಡಿದರೆ ಇಲ್ಲಿ, ಮರುವರ್ಷದ ಸಾರಿಗೆ ಗತಿಯಿಲ್ಲ.

ಅಡುಗೆಯ ಮಾತಿಗೆ ಬಂದರೆ, ಇವರಿಂದ ನಾನು ಪಡೆದುಕೊಂಡದ್ದು ಹುರಿಯುವ ಕ್ರಮ. ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ, ಚಿಕ್ಕ ಬಾಣಲೆಯಲ್ಲಿ ರಾಶಿ ಹಾಕಿದರೆ ಅದು ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ. ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆಯಿಲ್ಲದೆ ಒಂದೇ ಪದರವಾಗಿ ಹರಡಿದರೆ ಮೊದಲು ನೀರು ಬಿಟ್ಟುಕೊಂಡು ಸಿಳ್ಳೆ ಹಾಕಿದಂಥ ಸದ್ದು ಬರುತ್ತದೆ. ಆ ಸದ್ದು ನಿಂತು ಚಟಚಟ ಶುರುವಾಗಿ, ಅಂಚು ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಬೆಣ್ಣೆಯನ್ನೋ ತುಪ್ಪವನ್ನೋ ಹಾಕಿ, ಉಪ್ಪನ್ನು ಕೊನೆಗೆ ಉದುರಿಸಬೇಕು. ಹೊತ್ತು ಸ್ವಲ್ಪ ಮೀರಿದರೂ ತರಕಾರಿಯಂತೆ ಕರಗಿ ಹೋಗುವುದಿಲ್ಲ, ಏಕೆಂದರೆ ಅಣಬೆಯ ಕೋಶಗಳ ಗೋಡೆಯಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಬಿಸಿಗೆ ಜಗ್ಗುವುದಿಲ್ಲ. ನಮ್ಮಲ್ಲಿ ಈಗ ಭತ್ತದ ಹುಲ್ಲಿನ ಮೇಲೆ ಬೆಳೆಸಿ ಮಾರುವ ಚಿಪ್ಪಿನ ಅಣಬೆಗೂ ಇದೇ ಕ್ರಮ ಹೊಂದುತ್ತದೆ. ಇವರ ಇನ್ನೊಂದು ಅಭ್ಯಾಸವಾದ ಒಣಗಿಸಿಡುವುದು ಮಾತ್ರ ನಮಗೆ ದಕ್ಕುವಂಥದ್ದಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದ ಆಗುಂಬೆ ಸೀಮೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು?

ಸಾರಿನ ವಿಷಯದಲ್ಲಿ ಮಾತ್ರ ನಾನು ಊರಿನ ಪಕ್ಷ. ಹೆಗ್ಗಾಲಣಬೆಯ ಬುಡದ ಮಣ್ಣನ್ನು ಚಾಕುವಿನಿಂದ ಕೆರೆದು, ಅರಿಸಿನ ಹಾಕಿದ ನೀರಿನಲ್ಲಿ ತೊಳೆದು, ಕೈಯಿಂದ ಉದ್ದುದ್ದ ಸೀಳಿ, ಕಾಯಿತುರಿಯ ಜೊತೆ ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಮೆಣಸು ಅರೆದು ಕುದಿಸಿದ ಸಾರಿನ ಮುಂದೆ ಕೆನೆಯ ರಸ ಸಪ್ಪೆಯೇ. ಆದರೆ ಇತ್ತೀಚೆಗೆ ಊರಿಗೆ ಹೋದಾಗ ತಟ್ಟೆಗೆ ಬರುತ್ತಿರುವುದು ಬೇರೆ: ಕೋಳಿ ಸಾರಿನ ಮಸಾಲೆಯನ್ನೇ ತಂದು ಸುರಿದು, ಚೆಕ್ಕೆ ಲವಂಗದ ಘಾಟಿನಲ್ಲಿ ಅಣಬೆಯ ವಾಸನೆಯನ್ನು ಮುಳುಗಿಸಿರುತ್ತಾರೆ. ವರ್ಷಕ್ಕೊಮ್ಮೆ ಸಿಗುವ ವಸ್ತುವಿಗೆ ಇಷ್ಟು ಅನ್ಯಾಯ ಮಾಡಬಾರದು. ಒಂದೊಂದರ ಬುಡವನ್ನೂ ಉಗುರಿನಿಂದ ಚಿವುಟಿ ಮಧ್ಯಾಹ್ನವಿಡೀ ಕೂತು ಸ್ವಚ್ಛ ಮಾಡಿದ ಅಕ್ಕಿ ಅಣಬೆಗಂತೂ ಹಸಿಮೆಣಸು, ಉಪ್ಪು, ಒಂದಿಷ್ಟು ಕಾಯಿ ಸಾಕು.

ಇನ್ನು ಏರ್ಪಾಡಿನ ಮಾತು. 1921ರಲ್ಲಿ ಸ್ಥಾಪನೆಯಾದ ಜರ್ಮನ್ ಶಿಲೀಂಧ್ರಶಾಸ್ತ್ರ ಸಂಘ ಪರೀಕ್ಷೆ ನಡೆಸಿ ಅಣಬೆ ಪರಿಣತರಿಗೆ ಪ್ರಮಾಣಪತ್ರ ಕೊಡುತ್ತದೆ. ಕಾಡಿನಿಂದ ತಂದ ಬುಟ್ಟಿಯನ್ನು ಅಂಥವರ ಮುಂದೆ ಸುರಿದರೆ ಒಂದೊಂದನ್ನೂ ತಿರುಗಿಸಿ ನೋಡಿ ಬೇರ್ಪಡಿಸುತ್ತಾರೆ. ಬುಡ ಕತ್ತರಿಸಿ ತಂದವರಿಗೆ ಬೈಗುಳ ತಪ್ಪಿದ್ದಲ್ಲ, ಏಕೆಂದರೆ ಅತ್ಯಂತ ವಿಷಕಾರಿಯಾದ ಅಮಾನಿಟಾ ಫೆಲಾಯ್ಡಿಸ್ ಅಣಬೆಯ ಗುರುತಾದ ಚೀಲದಂಥ ಪೊರೆ ಇರುವುದು ಬುಡದಲ್ಲೇ. ನಮ್ಮ ಹಿರಿಯರು ಹೆಗ್ಗಾಲಣಬೆಯನ್ನು ಮೆಲ್ಲಗೆ ಎಳೆದು ಹುತ್ತದೊಳಕ್ಕೆ ಇಳಿದ ಉದ್ದನೆಯ ಬೇರನ್ನು ನೋಡುತ್ತಿದ್ದದ್ದೂ ಇದೇ ವಿವೇಕದಿಂದ. 1986ರ ಚೆರ್ನೋಬಿಲ್ ಅಣುಸ್ಥಾವರದ ದುರಂತದಲ್ಲಿ ಬಿದ್ದ, ವಿಕಿರಣ ಸೂಸುವ ಸೀಸಿಯಂ ಬವೇರಿಯಾದ ಕಾಡುಮಣ್ಣಿನಲ್ಲಿ ಇನ್ನೂ ಉಳಿದಿರುವುದರಿಂದ, ದೊಡ್ಡವರು ವಾರಕ್ಕೆ 250 ಗ್ರಾಂಗಿಂತ ಹೆಚ್ಚು ಕಾಡಣಬೆ ತಿನ್ನದಿರಲಿ ಎಂಬ ಸಲಹೆಯೂ ಇಲ್ಲಿದೆ.

ಇಷ್ಟೆಲ್ಲ ಇದ್ದೂ 2015ರಲ್ಲಿ ಇಲ್ಲಿಗೆ ಬಂದ ನಿರಾಶ್ರಿತರಲ್ಲಿ ಹಲವರು ಆ ವಿಷದ ಅಣಬೆಯನ್ನು ತಮ್ಮ ನಾಡಿನಲ್ಲಿ ತಿನ್ನುವ ಜಾತಿಯೆಂದು ತಿಳಿದು ಬೇಯಿಸಿ ತಿಂದು ಆಸ್ಪತ್ರೆ ಸೇರಿದರು, ಸಾವೂ ಸಂಭವಿಸಿತು. ಅದರ ವಿಷ ಬೇಯಿಸಿದರೆ ಹೋಗುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಏನೂ ಆಗದಂತಿದ್ದು, ವಾಂತಿ ಶುರುವಾಗುವ ಹೊತ್ತಿಗೆ ಯಕೃತ್ತಿನ ಮೇಲೆ ಅದರ ಕೆಲಸ ಆರಂಭವಾಗಿರುತ್ತದೆ. ಒಂದು ನೆಲದ ಅಣಬೆಜ್ಞಾನ ಇನ್ನೊಂದು ನೆಲದಲ್ಲಿ ನಡೆಯುವುದಿಲ್ಲ. ಮಲೆನಾಡಿನವರು ಕೆಲವೇ ಜಾತಿಗಳನ್ನು ತಿಂದು ಉಳಿದದ್ದನ್ನೆಲ್ಲ ನಾಯಿಕೊಡೆ ಎಂದು ತಳ್ಳಿಹಾಕುವುದನ್ನು ಕೆಲವರು ಅಜ್ಞಾನವೆನ್ನುತ್ತಾರೆ. ನನಗೆ ಅದೇ ಅರಿವಾಗಿ ಕಾಣುತ್ತದೆ. ನನಗೆ ಭಯವಿರುವುದು ಈಗ ತೋಟದ ಹುಲ್ಲಿನಲ್ಲಿ ಎದ್ದ ಬಿಳಿಕೊಡೆಯ ಫೋಟೋ ತೆಗೆದು, ಮೊಬೈಲು ಹೇಳಿದ ಹೆಸರನ್ನು ನಂಬಿ ಒಲೆ ಹಚ್ಚುವವರ ಬಗ್ಗೆ. ಹುಳು ತಿಂದದ್ದನ್ನು ನಾವೂ ತಿನ್ನಬಹುದು, ಜೊತೆಗೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾಗದಿದ್ದರೆ ಭಯವಿಲ್ಲ ಎಂಬ ಮಾತುಗಳಿಗೂ ಯಾವ ಆಧಾರವಿಲ್ಲ.

ನಮ್ಮಲ್ಲಿ ಈ ಅರಿವು ಬರಹಕ್ಕೆ ಬಾರದ್ದಕ್ಕೆ ಕಾರಣವೂ ಇದೆ. ಮನುಸ್ಮೃತಿ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲೇ ಅಣಬೆಯನ್ನೂ ನಿಷೇಧಿಸಿದೆ; ಮಡಿವಂತರ ಅಡುಗೆಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ, ಓದುಬರಹ ಬಲ್ಲವರು ಅದರ ಗುರುತುಗಳನ್ನು ಬರೆದಿಡಲಿಲ್ಲ. ತಿಳಿದಿದ್ದವರು ಗದ್ದೆ, ತೋಟಗಳಲ್ಲಿ ದುಡಿದವರು. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಸಂತೆಗಳಿವೆ. ಮಳೆಗಾಲದ ಸಂತೆಯ ದಿನ ಒಂದು ಮೇಜು ಹಾಕಿ, ಅಣಬೆ ಕಿತ್ತು ಪಳಗಿದ ಊರಿನ ಹೆಂಗಸೊಬ್ಬರನ್ನೂ ಸಸ್ಯರೋಗಶಾಸ್ತ್ರ ಓದುವ ವಿದ್ಯಾರ್ಥಿಯೊಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಇಬ್ಬರಿಗೂ ದಿನದ ಭತ್ಯೆ ಕೊಟ್ಟರೆ ಆರಂಭಕ್ಕೆ ಸಾಕು. ಬುಟ್ಟಿ ತಂದವರಿಗೆ ಹೆಂಗಸು ಹೆಸರು ಹೇಳಲಿ, ವಿದ್ಯಾರ್ಥಿ ಅದನ್ನು ಚಿತ್ರದೊಂದಿಗೆ ಬರೆದುಕೊಳ್ಳಲಿ. ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಆ ಅಣಬೆ ಮೇಜಿನ ಕೆಳಗಿನ ಬಕೆಟ್ಟಿಗೆ ಹೋಗಲಿ.