ಗೋಲ್‌ಕೀಪರ್‌ನ ಕೈ ಮತ್ತು ರೆಫರಿಯ ಧೈರ್ಯ

2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಕೆನಡಾ ತಂಡ ಅಮೆರಿಕದ ವಿರುದ್ಧ 3-2ರಿಂದ ಮುಂದಿತ್ತು. ಆಟ ಮುಗಿಯಲು ಸುಮಾರು ಹನ್ನೆರಡು ನಿಮಿಷಗಳಿದ್ದಾಗ ರೆಫರಿ ಸೀಟಿ ಊದಿದರು. ಕೆನಡಾದ ಗೋಲ್‌ಕೀಪರ್ ಎರಿನ್ ಮೆಕ್‌ಲಿಯೋಡ್ ಆಗಿನ ಮಿತಿಯಾದ ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿ ಹಿಡಿದಿದ್ದರೆಂಬುದೇ ರೆಫರಿ ಗುರುತಿಸಿದ ತಪ್ಪು. ಅಮೆರಿಕಕ್ಕೆ ಪೆನಾಲ್ಟಿ ಏರಿಯಾದೊಳಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಒದೆತ) ಸಿಕ್ಕಿತು, ಆ ಚೆಂಡು ಕೆನಡಾ ಆಟಗಾರ್ತಿಯ ಕೈಗೆ ತಗುಲಿ ಪೆನಾಲ್ಟಿಯಾಯಿತು, ಕೊನೆಗೆ ಹೆಚ್ಚುವರಿ ಸಮಯದಲ್ಲಿ ಅಮೆರಿಕ 4-3ರಿಂದ ಗೆದ್ದಿತು.

ನಿಯಮದ ಅಕ್ಷರಕ್ಕೆ ನೋಡಿದರೆ ರೆಫರಿ ತಪ್ಪು ಮಾಡಲಿಲ್ಲ. ಆದರೆ ಬೇರೆ ಪಂದ್ಯಗಳಲ್ಲಿ ಹತ್ತು ಹನ್ನೆರಡು ಸೆಕೆಂಡ್ ಹಿಡಿದವರನ್ನು ಯಾರೂ ಕೇಳದಿದ್ದಾಗ, ಒಬ್ಬರಿಗೆ ಮಾತ್ರ ನಿಯಮ ಅನ್ವಯಿಸಿದರೆ ಅದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ರೆಫರಿಗಳು ಸುಮ್ಮನಿರುತ್ತಿದ್ದುದು ಸೋಮಾರಿತನದಿಂದಲ್ಲ. ಕೆಲವೇ ಸೆಕೆಂಡುಗಳ ವಿಳಂಬಕ್ಕೆ ಗೋಲಿನ ಬಾಯಲ್ಲೇ ಫ್ರೀ ಕಿಕ್ ಕೊಡುವುದು, ಹನ್ನೊಂದು ಜನ ಗೋಲ್ ಗೆರೆಯ ಮೇಲೆ ಗೋಡೆಯಂತೆ ಸಾಲುಗಟ್ಟಿ ನಿಲ್ಲುವ ಆ ದೃಶ್ಯವನ್ನು ಸೃಷ್ಟಿಸುವುದು, ತಪ್ಪಿಗಿಂತ ಬಹಳ ದೊಡ್ಡ ಶಿಕ್ಷೆ ಎಂದು ಅವರಿಗೆ ಅನ್ನಿಸುತ್ತಿತ್ತು. ಶಿಕ್ಷೆ ಅತಿಯಾದಲ್ಲಿ ತೀರ್ಪುಗಾರನ ಕೈ ತಾನಾಗಿಯೇ ಹಿಂಜರಿಯುತ್ತದೆ.

ಆದ್ದರಿಂದಲೇ 2025ರಲ್ಲಿ ಬಂದ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಈಗ ಮಿತಿ ಎಂಟು ಸೆಕೆಂಡ್, ಮೀರಿದರೆ ಎದುರಾಳಿಗೆ ಕಾರ್ನರ್ ಕಿಕ್. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ, ಎಲ್ಲರಿಗೂ ಕಾಣುವಂತೆ ಬೆರಳುಗಳಲ್ಲಿ ಎಣಿಸುತ್ತಾರೆ. ಮುಂಚೆ ರೆಫರಿಯ ಮನಸ್ಸಿನೊಳಗೆ ನಡೆಯುತ್ತಿದ್ದ ಲೆಕ್ಕ ಈಗ ಗೋಲ್‌ಕೀಪರ್‌ನ ಕಣ್ಣೆದುರೇ ನಡೆಯುತ್ತದೆ.

ಬ್ಯಾಕ್‌ಪಾಸ್ ವಿಚಾರ ಇದಕ್ಕಿಂತ ಜಟಿಲ. 1990ರ ವಿಶ್ವಕಪ್‌ನ ಮಂದ ಆಟದಿಂದ ಬೇಸತ್ತು 1992ರಲ್ಲಿ ತಂದ ಈ ನಿಯಮದ ಪ್ರಕಾರ, ಸಹ ಆಟಗಾರ ಬೇಕೆಂದೇ ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಇಲ್ಲಿ ಸೆಕೆಂಡುಗಳಿಲ್ಲ, ಅಳೆಯಬೇಕಾದದ್ದು ಉದ್ದೇಶವನ್ನು. ಎದುರಾಳಿಯನ್ನು ತಡೆಯಲು ಕಾಲು ಚಾಚಿದ ಡಿಫೆಂಡರ್‌ನ ಬೂಟಿಗೆ ತಗುಲಿ ಚೆಂಡು ಹಿಂದಕ್ಕೆ ಉರುಳಿದರೆ ಅದು ಪಾಸ್ ಅಲ್ಲ. ಅದೇ ಡಿಫೆಂಡರ್ ತಲೆಯೆತ್ತಿ ನೋಡಿ, ಪಾದದ ಒಳಬದಿಯಿಂದ ಮೆಲ್ಲಗೆ ತಳ್ಳಿದರೆ ಪಾಸ್. ಪ್ರೇಕ್ಷಕರ ಕಣ್ಣು ಗೋಲ್‌ಕೀಪರ್‌ನ ಕೈ ಮೇಲಿರುವಾಗ ಒಳ್ಳೆಯ ರೆಫರಿಯ ಕಣ್ಣು ಡಿಫೆಂಡರ್‌ನ ಕಾಲಿನ ಮೇಲಿರುತ್ತದೆ, ಇರಲೇಬೇಕು. ಗೋಲ್‌ಕೀಪರ್ ಆ ಚೆಂಡನ್ನು ದೂರಕ್ಕೆ ಒದೆಯಲು ಸ್ಪಷ್ಟವಾಗಿ ಪ್ರಯತ್ನಿಸಿ ವಿಫಲನಾದರೆ ನಂತರ ಕೈಯಿಂದ ಹಿಡಿಯಬಹುದೆಂಬ ವಿನಾಯಿತಿ 2019ರಲ್ಲಿ ಬಂದದ್ದು ನ್ಯಾಯವೇ ಸರಿ.

ರೆಫರಿಗಳು ಇನ್ನಷ್ಟು ಗಟ್ಟಿಯಾಗಬೇಕಾದ ಜಾಗ ಒಂದಿದೆ. ಚೆಂಡನ್ನು ತಾನೇ ಕಾಲಿನಿಂದ ಮೇಲಕ್ಕೆ ಚಿಮ್ಮಿಸಿ, ತಲೆಯಿಂದ ಗೋಲ್‌ಕೀಪರ್‌ಗೆ ದಾಟಿಸುವ ಡಿಫೆಂಡರ್ ಕಾಲಿನಿಂದ ಪಾಸ್ ಕೊಟ್ಟಿಲ್ಲ ನಿಜ, ಆದರೆ ನಿಯಮವನ್ನು ವಂಚಿಸಿದ್ದಾನೆ. ಗೋಲ್‌ಕೀಪರ್ ಆ ಚೆಂಡನ್ನು ಕೈಯಿಂದ ಮುಟ್ಟದಿದ್ದರೂ ಅದು ತಪ್ಪೇ, ಅದಕ್ಕೆ ಹಳದಿ ಕಾರ್ಡ್ ಇದೆ. ಅಂಥ ಕ್ಷಣದಲ್ಲಿ ಕೈ ಮುಟ್ಟಿತೋ ಇಲ್ಲವೋ ಎಂದು ಕಾಯುತ್ತ ನಿಲ್ಲದೆ, ಚೆಂಡು ತಲೆಯಿಂದ ಹೊರಟ ಕೂಡಲೇ ಸೀಟಿ ಊದುವ ರೆಫರಿಯನ್ನು ನಾನು ಗೌರವಿಸುತ್ತೇನೆ.