ಹಳೆಯ ತಾಮ್ರದ ಗಣಿಯಲ್ಲಿ ಹೊಳೆಯುವುದು ಚಿನ್ನವೇ?

ಹಳೆಯ ಗಣಿಗಳ ಕಲ್ಲುರಾಶಿಯಲ್ಲಿ ಹಳದಿಯಾಗಿ ಮಿನುಗುವುದು ಚಿನ್ನವೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಲೇ ಇರುತ್ತದೆ. ಅದು ಸರಿಯಲ್ಲ. ಚಿತ್ರದುರ್ಗದ ಸಮೀಪದ ಇಂಗಳದಾಳದಲ್ಲಿ, ನೆಲದಾಳದಿಂದ ತಾಮ್ರದ ಅದಿರನ್ನು ತೆಗೆದ ಕಡೆ, ಪುರಾತನ ಜ್ವಾಲಾಮುಖಿ ಶಿಲೆಗಳೊಳಗೆ ಹರಿದ ಬಿಸಿನೀರು ಉಳಿಸಿಹೋದ ಚಾಲ್ಕೊಪೈರೈಟ್ ಮತ್ತು ಪೈರೈಟ್ ಖನಿಜಗಳೇ ಹೀಗೆ ಹೊಳೆಯುತ್ತವೆ. ಮೊದಲನೆಯದು ತಾಮ್ರ, ಕಬ್ಬಿಣ, ಗಂಧಕಗಳ ಸಂಯುಕ್ತ, ಎರಡನೆಯದು ಕಬ್ಬಿಣ ಮತ್ತು ಗಂಧಕ ಮಾತ್ರ. ಹೊಸದಾಗಿ ಒಡೆದ ಚಾಲ್ಕೊಪೈರೈಟ್ ಹಿತ್ತಾಳೆಯಂತೆ ಥಳಥಳಿಸುವುದರಿಂದ ಕಣ್ಣು ಮೋಸಹೋಗುವುದು ಸಹಜವೇ.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಮೆರುಗಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯ ಹಿಂಬದಿಗೆ ಉಜ್ಜಿದರೆ ಚಿನ್ನ ಹಳದಿ ಗೆರೆಯನ್ನೇ ಬಿಡುತ್ತದೆ. ಇವೆರಡೂ ಹಸಿರುಮಿಶ್ರಿತ ಕಪ್ಪು ಗೆರೆ ಬಿಡುತ್ತವೆ. ಸುತ್ತಿಗೆಯ ಪೆಟ್ಟಿಗೆ ಚಿನ್ನ ತಗಡಾಗುತ್ತದೆ, ಇವು ಪುಡಿಯಾಗುತ್ತವೆ. ತಾಮ್ರದ ಅದಿರಿನಲ್ಲಿ ಲೇಶಮಾತ್ರ ಚಿನ್ನವಿರುವುದುಂಟು; ಆದರೆ ಅದು ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣದು, ಪ್ರಯೋಗಾಲಯದ ವಿಶ್ಲೇಷಣೆಯಲ್ಲಷ್ಟೇ ಗೊತ್ತಾಗುತ್ತದೆ.